ಒಂದೇ ಹೆಸರಿನ ಇಬ್ಬರು

ಗ್ರಂಥಾಲಯದಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತ ವೃದ್ಧೆ ಕೊಡೆ ಮಡಿಸಿಟ್ಟು, ಯಾವ ಗಡಿಬಿಡಿಯೂ ಇಲ್ಲದೆ ಹೇಳಿದರು: "ನಿಮ್ಮ ಕಂಪ್ಯೂಟರಿನಲ್ಲಿ ನಾನು ಸತ್ತು ಹನ್ನೊಂದು ವರ್ಷ ಆಗಿದೆ. ಮೊಮ್ಮಗಳು ತೋರಿಸಿದಳು. ಸ್ವಲ್ಪ ಬದುಕಿಸಿಕೊಡ್ತೀರಾ?"

ನಗು ಬಂತು, ತಡೆದುಕೊಂಡೆ. ಅವರು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದವರು. ಬಾಣಂತಿಯರ ಆರೈಕೆಯ ಬಗ್ಗೆ ಎರಡು ಪುಸ್ತಕ ಬರೆದಿದ್ದರು. ಅವರದೇ ಇನಿಷಿಯಲ್, ಅವರದೇ ಹೆಸರಿನ ಕವಿಯೊಬ್ಬರು ಹನ್ನೊಂದು ವರ್ಷದ ಹಿಂದೆ ತೀರಿಕೊಂಡಿದ್ದರು. ಗಂಡಸಿಗೂ ಹೆಂಗಸಿಗೂ ಒಪ್ಪುವ ಹೆಸರದು. ನಮ್ಮ ಕ್ಯಾಟಲಾಗಿನಲ್ಲಿ ಇಬ್ಬರ ಹನ್ನೆರಡು ಪುಸ್ತಕಗಳೂ ಒಬ್ಬರದೆಂಬಂತೆ ಒಟ್ಟಿಗೆ ಕೂತಿದ್ದವು.

ನರ್ಸಮ್ಮನನ್ನು ಒಳಗಿನ ಕೋಣೆಗೆ, ಕ್ಯಾಟಲಾಗ್ ನೋಡಿಕೊಳ್ಳುವ ಮೇಡಂ ಹತ್ತಿರ ಕರೆದೊಯ್ದೆ. ಬೆನ್ನ ಹಿಂದೆ ನಾವೆಲ್ಲ ಈ ಮೇಡಂ ಅನ್ನು 'ಹೆಸರಮ್ಮ' ಎನ್ನುತ್ತಿದ್ದೆವು. ಒಬ್ಬರೇ ಮೂರು ಹೆಸರಿನಲ್ಲಿ ಬರೆದಿದ್ದರೆ ಪುಸ್ತಕಗಳನ್ನೆಲ್ಲ ಒಂದೆಡೆ ಸೇರಿಸುವುದು, ಒಂದೇ ಹೆಸರಿನವರು ಮೂವರಿದ್ದರೆ ಬೇರೆ ಬೇರೆ ಮಾಡುವುದು ಅವರ ಕೆಲಸ. ಓದುಗರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಎರಡು ಪುಸ್ತಕ ಬಿಡಿಸಿ ಬೇರೊಂದು ದಾಖಲೆಯಡಿ ಹಾಕಿದರೆ ಮುಗಿಯಿತು, ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಹೆಸರಮ್ಮ ಹನ್ನೆರಡನ್ನೂ ಕಪಾಟಿನಿಂದ ಇಳಿಸಿ ತರಿಸಿದರು.

"ಯಾರದು ಯಾರ ಪಾಲಿಗೆ ಹೋಗಿದೆಯೋ, ತೆರೆದೇ ನೋಡಬೇಕು," ಎಂದರು.

ಒಂದೊಂದರ ಮುನ್ನುಡಿ, ಅರ್ಪಣೆ, ಅಚ್ಚಾದ ವರ್ಷ, ಪ್ರಕಾಶಕರ ವಿಳಾಸ ನೋಡುತ್ತ ಬಂದರು. ಒಂಬತ್ತನೆಯದು ಮೂವತ್ತು ವರ್ಷ ಹಳೆಯ, ತೆಳ್ಳನೆಯ ಜೋಗುಳದ ಪುಸ್ತಕ. ನರ್ಸಮ್ಮ ಮುಖಪುಟ ನೋಡಿಯೇ, "ಇದು ನನ್ನದಲ್ಲ, ಕವಿಗಳದು," ಎಂದು ಪಕ್ಕಕ್ಕೆ ಸರಿಸಿದರು.

"ಇರಿ ಅಮ್ಮಾ. ನಿಮ್ಮ ಆರೈಕೆ ಪುಸ್ತಕ ಹಾಕಿದ ಪ್ರಕಾಶಕರೇ ಇದನ್ನೂ ಹಾಕಿದ್ದಾರೆ. ಕವಿಗಳ ಬೇರೆ ಯಾವ ಪುಸ್ತಕಾನೂ ಅವರು ಹಾಕಿಲ್ಲ." ಹೆಸರಮ್ಮ ಹಾಳೆ ತಿರುವಿ ಒಂದು ಪದ್ಯ ಓದಿದರು. ಆಸ್ಪತ್ರೆಯ ಏಳನೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದ ಎರಡು ಕೂಸುಗಳು ಪಂತ ಕಟ್ಟಿ ಅಳುವ ಪದ್ಯ.

ನರ್ಸಮ್ಮ ಪುಸ್ತಕಕ್ಕೆ ಕೈಚಾಚಿದರು.

"ಕೂಸುಗಳನ್ನ ತೂಗ್ತಾ ನಾನೇ ಕಟ್ಟಿ ಹೇಳ್ತಿದ್ದೆ. ಬರೆದು ಪ್ರಕಾಶಕರಿಗೆ ಕೊಟ್ಟಿದ್ದೆ. ಆಮೇಲೆ ಅವರು ಅಂಗಡಿ ಮುಚ್ಚಿ ಊರೇ ಬಿಟ್ಟರು. ಅಚ್ಚಾಗಲೇ ಇಲ್ಲ ಅಂದ್ಕೊಂಡಿದ್ದೆ."

ನಾನಾಗಿದ್ದರೆ ಆ ಕ್ಷಣವೇ ತಿದ್ದಿಬಿಡುತ್ತಿದ್ದೆ. ಹೆಸರಮ್ಮ ಮಾತ್ರ, "ನಂಬಿದೀನಿ ಅಮ್ಮಾ. ಆದರೂ ಕವಿಗಳ ಕಡೆಯವರನ್ನ ಒಂದು ಮಾತು ಕೇಳಬೇಕು. ತೀರಿಕೊಂಡವರು ಬಂದು ಜಗಳ ಆಡೋಕೆ ಆಗಲ್ಲವಲ್ಲ," ಎಂದು ಕವಿಯ ಮಗಳಿಗೆ ಫೋನ್ ಮಾಡಿದರು. ನಮಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿದರು.

"ಅಯ್ಯೋ, ಆ ಪುಸ್ತಕ ಅಪ್ಪನಿಗೆ ಒಂದು ತಲೆನೋವಾಗಿತ್ತು," ಎಂದಿತು ಆ ಕಡೆಯ ದನಿ. "ಹೋದಲ್ಲೆಲ್ಲ ಅದನ್ನೇ ಹೊಗಳೋರು. ನನ್ನದಲ್ಲ ಅಂದ್ರೆ ದೊಡ್ಡವರ ವಿನಯ ಅನ್ನೋರು. ಬರೆದವರನ್ನ ಎಷ್ಟೋ ಹುಡುಕಿದರು, ಸಿಗಲಿಲ್ಲ." ಆಮೇಲೆ ಅವರೇ ಕೇಳಿದರು, "ಅವರು ಇದಾರಾ? ನನ್ನ ಎರಡೂ ಮಕ್ಕಳನ್ನ ಆ ಪುಸ್ತಕದ ಹಾಡು ಹೇಳಿಯೇ ಮಲಗಿಸಿದ್ದು."

ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಫೋನಿನತ್ತ ಬಾಗಿದರು.

ಅವರಿಬ್ಬರೂ ಮಾತಾಡುತ್ತಿರುವಾಗಲೇ ಹೆಸರಮ್ಮ ಕೀಲಿಮಣೆ ಎಳೆದುಕೊಂಡರು. ಕವಿಗೆ ಒಂಬತ್ತು, ನರ್ಸಮ್ಮನಿಗೆ ಮೂರು. ಯಾವುದನ್ನು ಯಾವ ಆಧಾರದ ಮೇಲೆ ಬೇರೆ ಮಾಡಿದೆ, ಯಾರನ್ನು ಕೇಳಿದೆ ಎಂದು ದಿನಾಂಕ ಸಹಿತ ಟಿಪ್ಪಣಿ ಬರೆದರು. ನಮ್ಮ ಕ್ಯಾಟಲಾಗನ್ನು ನೆಚ್ಚಿಕೊಂಡ ನಲವತ್ತು ಗ್ರಂಥಾಲಯಗಳಿಗೂ ತಿದ್ದುಪಡಿ ಕಳಿಸಿದರು. ಟಿಪ್ಪಣಿಯಲ್ಲಿ ಎಲ್ಲಿಯೂ ತಮ್ಮ ಹೆಸರು ಹಾಕಲಿಲ್ಲ. ಇಪ್ಪತ್ತು ವರ್ಷ ಅದೇ ಕೋಣೆಯ ಮುಂದೆ ಓಡಾಡಿದ್ದರೂ, ಅಲ್ಲಿ ನಡೆಯುವುದು ಎಂಥ ಕೆಲಸವೆಂದು ನಾನು ಕಣ್ಣಾರೆ ಕಂಡದ್ದು ಅಂದೇ.

ಫೋನಿಟ್ಟ ನರ್ಸಮ್ಮ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದರು. ನಾಲ್ಕನೇ ಪುಟಕ್ಕೆ ಬಂದವರು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಒಂದು ಸಾಲು ತಪ್ಪಾಗಿ ಅಚ್ಚು ಹಾಕಿದಾರಲ್ಲ."

ಹೆಸರಮ್ಮ ಪೆನ್ಸಿಲ್ ಕೈಗೆತ್ತಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದರು.

"ಯಾವ ಸಾಲು, ಅಮ್ಮಾ?"