ಬಾಲ್ಕನಿ ನೋಡುವ ಶಾಸ್ತ್ರ

ಸರ್ಕಾರದ ಆಜ್ಞೆಯನ್ನು ಅಕ್ಷರಶಃ ಪಾಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದಾದರಿನ ನಮ್ಮ ಬಿಲ್ಡಿಂಗಿನ ಮಾಲೀಕ ಅಂಥವನು. ೧೯೫೬ರಲ್ಲಿ ಯಾವುದೋ ಇಲಾಖೆಯವರು ಬಂದು, ಹೂಬಳ್ಳಿ ಹೆಣೆದ ಇಲ್ಲಿನ ಕಬ್ಬಿಣದ ಬಾಲ್ಕನಿಗಳು ಐತಿಹಾಸಿಕ, ಅವನ್ನು ಯಾರೂ ಮುಟ್ಟಕೂಡದು ಎಂದು ಬೋರ್ಡು ಹಾಕಿದರು. ಮಾಲೀಕ ಮುಟ್ಟಲಿಲ್ಲ. ಬಾಲ್ಕನಿಗಳ ಕೆಳಗೆ ಕಂಬ ಕೊಟ್ಟು, ಹಿಂದಿದ್ದ ಬಿಲ್ಡಿಂಗನ್ನು ಕೆಡವಿಸಿದ.

ಉಳಿದ ಬಾಡಿಗೆದಾರರು ಜಾಗ ಖಾಲಿ ಮಾಡಿದರು. ನಾನು ಮೈಸೂರಿನಿಂದ ಬಂದ ಗುಮಾಸ್ತ. ಆಜ್ಞೆ ಓದಲು ನನಗೂ ಬರುತ್ತದೆ. ಮುಟ್ಟಕೂಡದ ಬಾಲ್ಕನಿಯಲ್ಲಿ ಕೂತವನನ್ನೂ ಎಬ್ಬಿಸಕೂಡದು ಎಂದು ಅರ್ಜಿ ಬರೆದೆ. ಹೆಂಡತಿ ಪುಟ್ಟಲಕ್ಷ್ಮಿ, ಮಗಳು ವಿನೋದಿನಿಯೊಂದಿಗೆ ಮೊದಲ ಮಹಡಿಯ ಬಾಲ್ಕನಿಯಲ್ಲೇ ಉಳಿದೆ. ಹತ್ತಿ ಇಳಿಯಲು ಬಿದಿರಿನ ಏಣಿ. ಅರ್ಜಿದಾರ ಶ್ರೀ ಸತ್ಯಮೂರ್ತಿಯವರನ್ನೂ ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು ಎಂದು ಇಲಾಖೆಯಿಂದ ಉತ್ತರ ಬಂತು.

ಚಿಂತೆಯೆಲ್ಲ ವಿನೋದಿನಿಯ ಮದುವೆಯದು. ಇಪ್ಪತ್ನಾಲ್ಕು ತುಂಬಿತ್ತು. ನಾಲ್ಕು ಕಡೆಯವರು ಏಣಿಯ ಬುಡದಿಂದಲೇ ವಾಪಸಾಗಿದ್ದರು. ಇನ್ನೊಂದು ಸಂಬಂಧ ತಪ್ಪಿದರೆ ಅವಳ ಮುಖ ಹೇಗೆ ನೋಡುವುದೋ ಎಂದು ನನಗೆ ಭಯ.

ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅಮ್ಮಣ್ಣಿ ಎಂಬಾಕೆ ಮಗ ಶೇಖರನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಪರೇಲಿನ ಮಿಲ್ಲಿನಲ್ಲಿ ಗುಮಾಸ್ತನ ಕೆಲಸ. ಒಂದೇ ಖೋಲಿಯಲ್ಲಿ ಒಂಬತ್ತು ಜನರ ಜೊತೆ ಸರದಿಯ ಮೇಲೆ ಮಲಗುತ್ತಾನಂತೆ. ಅಮ್ಮಣ್ಣಿ ಸೆರಗು ಸಿಕ್ಕಿಸಿ ಏಣಿ ಹತ್ತಿಯೇ ಬಿಟ್ಟರು. ನನಗೆ ಆಗಲೇ ಕಣ್ಣು ತುಂಬಿತು.

ಮಂಡಿಗೆ ಮಂಡಿ ತಾಗಿಸಿ ಕೂತೆವು. ಅಡುಗೆಮನೆ ಎಲ್ಲಿ ಎಂದು ಅಮ್ಮಣ್ಣಿ ಕೇಳಿದರು. ಪುಟ್ಟಲಕ್ಷ್ಮಿ ಗತ್ತು ಬಿಡದೆ ಹಿಂದಿನ ಬಯಲಿನತ್ತ ಕೈ ತೋರಿಸಿ, ಆ ಮೂಲೆಯಲ್ಲಿತ್ತು, ಗಾಳಿ ಬೆಳಕು ಸ್ವಲ್ಪ ಕಡಿಮೆ ಎಂದಳು. ವಿನೋದಿನಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ತಲೆ ತಗ್ಗಿಸಿ ಕೂತಳು. ಒಂದು ಹಾಡು ಹೇಳಮ್ಮ ಎಂದು ಯಾರೂ ಅನ್ನಲಿಲ್ಲ. ಶೇಖರ ಕಬ್ಬಿಣದ ಹೂಗಳನ್ನು ಸವರುತ್ತ, ನೆಲವನ್ನು ಗೇಣು ಹಾಕಿ ಅಳೆಯುತ್ತಿದ್ದ.

ಸಂಬಂಧ ಒಪ್ಪಿಗೆ ಎಂದರು ಅಮ್ಮಣ್ಣಿ. ವರದಕ್ಷಿಣೆ ಬೇಡ, ಒಡವೆ ಬೇಡ. ಬಾಲ್ಕನಿಯನ್ನು ಹುಡುಗನಿಗೆ ಬಿಟ್ಟುಕೊಟ್ಟು ನಾವು ಹಿರಿಯರು ಬೇರೆಲ್ಲಾದರೂ ನೋಡಿಕೊಂಡರೆ ಸಾಕಂತೆ. ನಾಚಿಕೆಯಾಗಬೇಕು ನನಗೆ, ಹೂಂ ಅನ್ನಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ವಿನೋದಿನಿ ತಲೆಯೆತ್ತಿ ಶೇಖರನಿಗೆ, "ನೀವಿನ್ನೂ ನನ್ನ ಮುಖಾನೇ ನೋಡ್ಲಿಲ್ಲವಲ್ಲ" ಎಂದಳು.

ಅವನು ನೋಡಿದ. ನೋಡಿ, ನನ್ನ ಕಡೆ ತಿರುಗಿ, "ಇದಕ್ಕೆ ಬಣ್ಣ ಹೊಡಿಸೋಕೂ ಇಲಾಖೆ ಪರ್ಮಿಶನ್ ಬೇಕಾ ಸಾರ್?" ಎಂದು ಕೇಳಿದ.

"ಹುಷಾರಾಗಿ ಇಳೀರಿ, ಏಣಿ ಅಲ್ಲಾಡುತ್ತೆ" ಎಂದೆ.

ಅವರು ಹೋದ ಮೇಲೆ ವಿನೋದಿನಿಗೆ ಅಳು ಒತ್ತರಿಸಿ ಬಂತು. ಒಳಗೆ ಹೋಗಿ ಅಳಲು ಎದ್ದವಳು ಎದ್ದಲ್ಲೇ ನಿಂತಳು. ಮುಂದೆ ಬೀದಿಯ ತುಂಬ ಜನ, ಹಿಂದೆ ಬಯಲು. ಪುಟ್ಟಲಕ್ಷ್ಮಿ ಅವಳ ಹಿಂದೆ ಸೆರಗು ಹರವಿ ನಿಂತಳು. ನಾನು ಕೋಟಿನ ಎರಡೂ ಅಂಚು ಹಿಡಿದು, ಬೀದಿಗೆ ಅಡ್ಡವಾಗಿ, ಆದಷ್ಟು ಅಗಲವಾಗಿ ನಿಂತೆ. ಅವಳು ಅತ್ತು ಮುಗಿಸುವವರೆಗೆ ನಾವಿಬ್ಬರೂ ಅಲ್ಲಾಡಲಿಲ್ಲ.