ಬೇಲಿ ಮೇಲಿನ ಮಧುನಾಶಿನಿ

ಬಿ.ಜಿ. ಕೆರೆಯ ಶೈಲಜಾಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳನ್ನು ನೋಡಲು ಚಳ್ಳಕೆರೆಯಿಂದ ಸಿದ್ದಲಿಂಗೇಶ್ ಮನೆಯವರು ಬಾಡಿಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದಿದ್ದರು. ಹುಡುಗ ಕಂಡ ಕೂಡಲೇ ಹಿಡಿಸಿಬಿಟ್ಟಿದ್ದ. ಅವನೂ ಅಡುಗೆಮನೆ ಬಾಗಿಲ ಕಡೆಯೇ ಕಣ್ಣು ನೆಟ್ಟು ಕೂತಿದ್ದ. ಬಾಕಿ ಇದ್ದದ್ದು ಅವನಪ್ಪ ಮರುಳಪ್ಪನವರ ಒಪ್ಪಿಗೆ ಒಂದೇ. ಆ ಯಜಮಾನರೋ, ಹುಡುಗಿಯ ಕೈಯಡುಗೆ ತಿಂದೇ ಹೂಂ ಅನ್ನುವವರು.

ಶೈಲಜಾ ತಾನೇ ಮಾಡಿದ ಹೋಳಿಗೆ ಬಡಿಸಿದಳು. ಮರುಳಪ್ಪ ಒಂದು ತುತ್ತು ಅಗಿದು ಮುಖ ಕಿವುಚಿದರು.

"ಏನ್ರಿ ಇದು, ಮಣ್ಣು ತಿಂದಂಗೈತೆ."

ಶೈಲಜಾಳ ಅವ್ವ ಸುಲೋಚನಮ್ಮ ಓಡಿಬಂದು ಬೆಲ್ಲದ ಪಾಕ ಸುರಿದಳು. ಅದೂ ಮಣ್ಣೇ. ಸಕ್ಕರೆ ಉದುರಿಸಿದಳು.

"ಈಗ ಮಣ್ಣಿನ ಮೇಲೆ ಮರಳು," ಅಂದರು ಮರುಳಪ್ಪ. ಪಾಪ, ಅವರಿಗೇ ಬೇಜಾರಾಗಿತ್ತು. ಪಕ್ಕದಲ್ಲಿ ಮಗರಾಯ ಮೂರನೇ ಹೋಳಿಗೆ ಮುಗಿಸುತ್ತಿದ್ದ, ಆದರೆ ಅವನನ್ನು ಕೇಳುವವರು ಯಾರು?

ಮರುಳಪ್ಪ ಕೈ ತೊಳೆಯಲು ಎದ್ದರು. ಆಗ ಹೊಳೆಯಿತು ನೋಡಿ ಶೈಲಜಾಗೆ. ಬಂದ ಕೂಡಲೇ ಈ ಯಜಮಾನರು ಕಾಲು ತೊಳೆಯಲು ಹಿತ್ತಿಲಿಗೆ ಹೋಗಿದ್ದರು. "ನಮ್ಮೂರ ನಾಟಿ ವೈದ್ಯ ಓಬಯ್ಯ ಹೇಳಿದ ಮಧುನಾಶಿನಿ ಇದೇಯ, ಸಕ್ಕರೆ ಕಾಯಿಲೆಗೆ ಮದ್ದು," ಅಂತ ತಮ್ಮಷ್ಟಕ್ಕೆ ಹೇಳಿಕೊಂಡು, ಹೋಳಿಗೆಗೆ ಮುಂಚೆ ಇರಲಿ ಎಂದು ಬೇಲಿಯ ಬಳ್ಳಿಯಿಂದ ಎರಡು ಎಲೆ ಕಿತ್ತು ಅಗಿದಿದ್ದರು. ಅದೆಲ್ಲ ಅಡುಗೆಮನೆ ಕಿಟಕಿಯಲ್ಲಿದ್ದ ಅವಳ ಕಣ್ಣಿಗೂ ಕಿವಿಗೂ ಬಿದ್ದಿತ್ತು. ಆ ಎಲೆ ಅಗಿದರೆ ನಾಲಿಗೆಗೆ ಗಳಿಗೆ ಹೊತ್ತು ಸಿಹಿ ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ ಶೈಲಜಾ ಅದನ್ನು ಅಗಿದು, ಬೆಲ್ಲ ತಿಂದು, ಅಂಗಡಿಯವನು ಮೋಸ ಮಾಡಿದ ಅಂತ ಅತ್ತವಳು.

ಸೀರೆ ಎತ್ತಿಕಟ್ಟಿ ಹಿತ್ತಿಲಿಗೆ ಓಡಿದಳು. ಎರಡೆಲೆ ಅಗಿಯುತ್ತಾ ಬಂದು, ಎಲ್ಲರೆದುರಿಗೇ ಒಂದು ಹೋಳಿಗೆ ಬಾಯಿಗೆ ತುರುಕಿಕೊಂಡಳು.

"ಮಾವ ಹೇಳಿದ್ದು ನಿಜ ಕಣವ್ವ, ಬರೀ ಮಣ್ಣು. ಮಾವ ಬೇಲೀಲಿ ಅಗಿದ ಎಲೆ ನಾನೂ ಅಗಿದೀನಿ. ತಪ್ಪು ಹೋಳಿಗೇದಲ್ಲ, ಎಲೇದು."

ಎಲೆಯ ಮಾತು ಯಾರ ಕಿವಿಗೂ ಹೋಗಲೇ ಇಲ್ಲ, ಎಲ್ಲರಿಗೂ ಕೇಳಿದ್ದು ಮಾವ ಅನ್ನುವುದೊಂದೇ. ಇನ್ನೂ ತಾಂಬೂಲ ಬದಲಾಗಿಲ್ಲ, ಹುಡುಗಿ ಎರಡು ಸಲ ಮಾವ ಅಂದುಬಿಟ್ಟಿದ್ದಳು. ಶೈಲಜಾಗೂ ಅರಿವಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮರುಳಪ್ಪನವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಂತು.

"ಸೊಸೆ ಮಾವ ಅಂತ ಕರೆದಾಯ್ತು, ಇನ್ನು ನಾನೇನು ಇಲ್ಲ ಅನ್ಲಿ? ಸಕ್ಕರೆ ತರ್ರಿ, ಬಾಯಿ ಸಿಹಿ ಮಾಡ್ಕಳಾನ."

ಸುಲೋಚನಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಮಾವ ಸೊಸೆ ಇಬ್ಬರಿಗೆ ಮಾತ್ರ ಸಿಹಿ ಸಿಗಲಿಲ್ಲ. ಅಷ್ಟು ಖುಷಿಯಿಂದ ಶೈಲಜಾ ಯಾವತ್ತೂ ಮರಳು ಜಗಿದಿರಲಿಲ್ಲ.