ಒಂದೇ ಡಬ್ಬಿಗೆ ಎರಡು ಚೀಟಿ

ನಮ್ಮ ಬೀದಿಯಲ್ಲಿ ಈಗ ಏಳೆಂಟು ಜನ ಬಿಟ್ಟರೆ ಕೆಲಸ ಇಲ್ಲ ಅನ್ನೋರು ಯಾರೂ ಇಲ್ಲ. ಸುಳ್ಳು ಹೇಳ್ತಿಲ್ಲ. ಮೊನ್ನೆ ರೇಡಿಯೋದಲ್ಲೂ ಅದನ್ನೇ ಹೇಳಿದರು, ನಿರುದ್ಯೋಗ ಇಳಿದಿದೆಯಂತೆ. ಬೆಳಿಗ್ಗೆ ಆರೂವರೆಗೆ ಬೀದಿಗೆ ಬೀದಿಯೇ ಬೀಗದ ಕಾರ್ಖಾನೆ ಕಡೆ ಹೊರಡುತ್ತೆ. ಸಂಜೆ ವಾಪಸ್ ಬರ್ತಾರಲ್ಲ, ಆಗ ಅವರ ಮುಖ ನೋಡಬೇಕು ನೀವು. ಮೊದಲು ಒಬ್ಬರು ದುಡಿದರೆ ನಡೀತಿದ್ದ ಮನೆ ಈಗ ಇಬ್ಬರು ದುಡಿದರೂ ನಡೆಯೋಲ್ಲ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂದು ವಾರ ಊಟ ಸೇರಲಿಲ್ಲ.

ನಮ್ಮನೆಯವರು ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಬೀಗದ ಹೊಟ್ಟೆಯೊಳಗೆ ಸ್ಪ್ರಿಂಗು, ಪಿನ್ನು ಕೂರಿಸಿ, ಕೀಲಿಕೈ ಹಾಕಿ ತಿರುಗಿಸಿ ನೋಡೋ ಕೆಲಸ. ಕಿಟಕಿ ಪಕ್ಕದ ಬೆಂಚು ಅವರದು. ದಿನಕ್ಕೆ ಆರುನೂರು ಬರ್ತಿತ್ತು. ಆಮೇಲೆ ಹೊರದೇಶದ ಅಗ್ಗದ ಬೀಗ ಅಂಗಡಿಗೆ ಬಂದವು. "ಈ ಕೂಲಿ ಕೊಟ್ಟರೆ ನನಗೆ ಗಿಟ್ಟೋಲ್ಲ" ಅಂದರು ಯಜಮಾನರು. ಇದ್ದವರನ್ನೆಲ್ಲ ಬಿಡಿಸಿ, ಜನ ತರೋ ಕೆಲಸ ಒಬ್ಬ ಗುತ್ತಿಗೆ ಮೇಸ್ತ್ರಿಗೆ ವಹಿಸಿದರು. ಅವನು ಗೇಟಿನ ಹತ್ತಿರ ಒಂದು ತಗಡಿನ ಡಬ್ಬಿ ತಂದಿಟ್ಟ. ಅವತ್ತಿನಿಂದ ಅವನಿಗೆ ಡಬ್ಬಿ ಮೇಸ್ತ್ರಿ ಅಂತಲೇ ಹೆಸರಾಯ್ತು.

ತಿಂಗಳ ಮೊದಲನೇ ಸೋಮವಾರ ಚೀಟಿ ಹಾಕೋದು. ಹೆಸರು ಬರೀಬೇಕು, ದಿನಕ್ಕೆ ಎಷ್ಟಕ್ಕೆ ದುಡೀತೀನಿ ಅಂತ ಅಂಕಿ ಬರೀಬೇಕು, ಮಡಚಿ ಡಬ್ಬಿಗೆ ಹಾಕಬೇಕು. ಕಡಿಮೆ ಬರೆದವರು ಒಳಗೆ, ಜಾಸ್ತಿ ಬರೆದವರು ಮನೆಗೆ. ಅಂಕಿ ಬಾಯಿಬಿಟ್ಟರೆ ಕೆಲಸ ಕೈಬಿಡುತ್ತೆ ಅಂತ ಬೀದಿಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಯಾವ ಪುಣ್ಯಾತ್ಮ ಹುಟ್ಟಿಸಿದನೋ. ಅಣ್ಣ ತಮ್ಮನಿಗೆ ಹೇಳೋಲ್ಲ, ಅತ್ತೆ ಸೊಸೆಗೆ ಹೇಳೋಲ್ಲ. ಪಕ್ಕದವರು ಎಷ್ಟು ಇಳಿಸಿರ್ತಾರೋ ಅನ್ನೋ ಹೆದರಿಕೆಯಲ್ಲಿ ಎಲ್ಲರೂ ಇನ್ನೊಂದಿಷ್ಟು ಇಳಿಸಿ ಬರೆಯೋರು. ಹೀಗೆ ನಮ್ಮನೆಯವರ ಕೂಲಿ ಇಳೀತಾ ಇಳೀತಾ ನಾನೂರ ಇಪ್ಪತ್ತಕ್ಕೆ ಬಂತು.

"ನಾನೂ ಚೀಟಿ ಹಾಕ್ತೀನಿ ರೀ" ಅಂದೆ ಒಂದು ದಿನ. ಬೀಗ ಜೋಡಿಸೋದು ನನಗೇನು ಹೊಸದಲ್ಲ, ಇವರು ಮನೆಗೆ ತರ್ತಿದ್ದ ಕೆಲಸದಲ್ಲಿ ಕೈ ಪಳಗಿತ್ತು.

"ಹಾಕು" ಅಂದರು. ಅಷ್ಟೇ ಮಾತು.

ಭಾನುವಾರ ಸಂಜೆ ಇಬ್ಬರೂ ಒಂದೇ ಪೆನ್ನಿನಲ್ಲಿ ಚೀಟಿ ಬರೆದೆವು. ಅವರು ಆ ಗೋಡೆಗೆ ತಿರುಗಿ, ನಾನು ಈ ಗೋಡೆಗೆ ತಿರುಗಿ. ನಾನು ಮುನ್ನೂರ ತೊಂಬತ್ತು ಅಂತ ಬರೆದೆ.

ಸೋಮವಾರ ನನ್ನ ಹೆಸರು ಕೂಗಿದರು. ಒಳಗೆ ಹೋದೆ. ಕಿಟಕಿ ಪಕ್ಕದ ಬೆಂಚು ತೋರಿಸಿ ಕೂತ್ಕೋ ಅಂದ ಮೇಸ್ತ್ರಿ. ಇವರಿಗೆ ಬೇರೆ ಜಾಗ ಕೊಟ್ಟಿರಬೇಕು ಅಂದುಕೊಂಡೆ, ಪೆದ್ದಿ ನಾನು. ಕಿಟಕಿಯಿಂದ ನೋಡಿದರೆ ಇವರು ಗೇಟಿನ ಆಚೆ ಊಟದ ಡಬ್ಬಿ ಹಿಡಕೊಂಡು ನಿಂತಿದ್ದಾರೆ. ಅವತ್ತು ಎಷ್ಟು ಪಿನ್ನು ಕೆಳಗೆ ಬೀಳಿಸಿದೆನೋ ನನಗೇ ಗೊತ್ತಿಲ್ಲ.

"ಹೋಗಲಿ ಬಿಡು, ಯಾರಾದರೊಬ್ಬರು ಒಳಗಿದ್ದೀವಲ್ಲ" ಅಂದರು ಮನೆಗೆ ಬಂದ ಮೇಲೆ. ಮಾರನೇ ದಿನದಿಂದ ಮಂಡಿಯಲ್ಲಿ ಮೂಟೆ ಹೊರೋಕೆ ಹೋದರು. ಆ ಕೂಲಿ ಬಸ್ಸಿಗೂ ಬೆನ್ನಿಗೆ ಹಚ್ಚೋ ಮುಲಾಮಿಗೂ ಸರಿಹೋಗ್ತಿತ್ತು. ಲೆಕ್ಕಕ್ಕೆ ಅವರಿಗೂ ಕೆಲಸ ಇತ್ತು, ನನಗೂ ಕೆಲಸ ಇತ್ತು.

ಮುಂದಿನ ತಿಂಗಳು ಮತ್ತೆ ಚೀಟಿ. ಈ ಸಲ ಅವರನ್ನು ಕರೆದರು, ನನ್ನನ್ನು ಬಿಟ್ಟರು. ನನ್ನ ಗಂಡ ಮುನ್ನೂರ ನಲವತ್ತು ಅಂತ ಬರೆದಿದ್ದರು.

ಅವತ್ತು ಸಂಜೆ ನಮ್ಮನೆಯಲ್ಲಿ ಆದ ಜಗಳ ಇಡೀ ವಠಾರಕ್ಕೆ ಕೇಳಿಸಿತು. "ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬೇರೆ ಯಾರೂ ಬೇಕಿರಲಿಲ್ಲ, ನೀವೇ ಸಾಕು" ಅಂದೆ. "ಮೊದಲು ಹಾಕಿದವಳು ಯಾರು?" ಅಂದರು. ಅವರು ಅಂದದ್ದರಲ್ಲಿ ತಪ್ಪೇನಿತ್ತು. ನನಗೆ ಅಳು ಬಂತು, ಅವರು ಗೋಡೆ ನೋಡ್ತಾ ಕೂತರು.

ಕೆಳಗಿನ ಮನೆಯ ಟೈಪಿಸ್ಟ್ ಅಕ್ಕ ಆಗಲೇ ಬಾಗಿಲು ತಟ್ಟಿದ್ದು. ಕಾರ್ಮಿಕರ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಟೈಪು ಮಾಡೋರು, ಕೂಲಿಯ ದೂರೆಲ್ಲ ಅವರ ಕೈಮೇಲೇ ಹೋಗೋದು. ಒಳಗೆ ಬಂದು ಚಾಪೆ ಮೇಲೆ ಕೂತರು.

"ಇಬ್ಬರೂ ಎಷ್ಟೆಷ್ಟು ಬರೆದ್ರಿ, ಬಾಯಿಬಿಟ್ಟು ಹೇಳಿ" ಅಂದರು.

ಹೇಳಿದೆವು. ಹೇಳೋಕೆ ನಾಚಿಕೆಯಾಯ್ತು.

"ಅಲ್ಲ ಕಣಮ್ಮ, ನಿಮ್ಮ ಕಸುಬಿಗೆ ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಕೂಲಿಯೇ ನಾನೂರ ಎಂಬತ್ತು. ಅದಕ್ಕಿಂತ ಒಂದು ಕಾಸು ಕಡಿಮೆ ಕೊಟ್ಟರೂ ತಪ್ಪು."

"ಅದೆಲ್ಲ ಪುಸ್ತಕದಲ್ಲಿ ಚೆಂದ ಅಕ್ಕ. ನಾವೇ ಕೈಯಾರೆ ಬರೆದುಕೊಟ್ಟಿದ್ದೀವಲ್ಲ. ಮೇಸ್ತ್ರಿ ಆ ಚೀಟೀನೇ ತೋರಿಸ್ತಾನೆ" ಅಂದರು ಇವರು.

"ತೋರಿಸಲಿ. ನೀನು ಬರೆದುಕೊಟ್ಟರೂ ಅಷ್ಟೇ, ಹೆಬ್ಬೆಟ್ಟು ಒತ್ತಿಕೊಟ್ಟರೂ ಅಷ್ಟೇ. ಕನಿಷ್ಠ ಕೂಲಿಗಿಂತ ಕೆಳಗೆ ಒಪ್ಪಿಕೊಂಡ ಒಪ್ಪಂದ ನಡೆಯೋದಿಲ್ಲ. ಆ ಚೀಟಿ ಅವನಿಗೇ ಮುಳುವು."

"ನಾವು ಕೇಳಿದರೆ ಬೇರೆ ಊರಿನವರನ್ನ ತರ್ತಾನೆ."

"ತರಲಿ. ಅವರಿಗೂ ಅದೇ ಕೂಲಿ ಕೊಡಬೇಕು."

"ಕಾರ್ಖಾನೆ ಮುಚ್ಚಿಬಿಟ್ಟರೆ?" ಅಂದೆ ನಾನು.

ಅಕ್ಕ ನನ್ನ ಕಡೆ ತಿರುಗಿದರು. "ಅದು ನನಗೆ ಗೊತ್ತಿಲ್ಲ ಕಣೆ. ಸುಳ್ಳು ಭರವಸೆ ಕೊಡೋಲ್ಲ. ಅಗ್ಗದ ಬೀಗದ ಕಾಟ ಸುಳ್ಳಲ್ಲ. ಆದರೆ ನೀವು ಮುನ್ನೂರಕ್ಕೆ ಇಳಿದರೂ ಆ ಬೀಗ ನಿಲ್ಲುತ್ತಾ? ನಾಳೆ ಇನ್ನೂರಕ್ಕೆ ಇಳಿ ಅಂತಾರೆ. ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಕಲ್ಲು ಎಳಕೊಳ್ತಿದ್ದೀರಿ."

ಅಕ್ಕನೇ ಅರ್ಜಿ ಟೈಪು ಮಾಡಿಕೊಟ್ಟರು. ಆದರೆ ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಮೊದಲನೇ ಸಹಿ ನಾನೇ ಹಾಕಿದೆ, ಹೇಗೂ ಹೊರಗೇ ಇದ್ದೆನಲ್ಲ. ಎರಡನೇದು ಇವರದು. ಆಮೇಲೆ ತಿಂಗಳಿಡೀ ಮನೆಮನೆ ತಿರುಗಿದೆವು. ಹೋದ ಮನೆಯಲ್ಲೆಲ್ಲ ನಮ್ಮ ಅಂಕಿ ಮೊದಲು ನಾವೇ ಹೇಳಿದೆವು, ಗಂಡನ ಬೆಂಚು ಹೆಂಡತಿಗೆ ಹೋದ ಕಥೇನೂ ಹೇಳಿದೆವು. ಕೆಲವರು ನಕ್ಕರು. ಇಬ್ಬರು ಬಾಗಿಲು ಹಾಕಿಕೊಂಡರು. ಕಾಲು ಬಿದ್ದುಹೋಗೋ ಹಾಗಾಯ್ತು. ಆದರೆ ಒಬ್ಬ ತಂದೆ ಮಗ ಅವತ್ತೇ ಮೊದಲ ಸಲ ಒಬ್ಬರಿಗೊಬ್ಬರು ಅಂಕಿ ಹೇಳಿಕೊಂಡು ತಲೆ ತಗ್ಗಿಸಿದರು. ಕೊನೆಗೆ ಅರ್ಜಿಗೆ ಇಪ್ಪತ್ತಾರು ಸಹಿ ಬಿದ್ದವು, ಅಕ್ಕ ಅದನ್ನ ಕಚೇರಿಗೆ ಮುಟ್ಟಿಸಿದರು.

ಮುಂದಿನ ಚೀಟಿಯ ಸೋಮವಾರ ಗೇಟಿನ ಮುಂದೆ ಡಬ್ಬಿ ತುಂಬಿತು. ಮೇಸ್ತ್ರಿ ಮೊದಲನೇ ಚೀಟಿ ಬಿಚ್ಚಿದ, ನಾನೂರ ಎಂಬತ್ತು. ಎರಡನೇದೂ ನಾನೂರ ಎಂಬತ್ತು. ಏಳೆಂಟು ಬಿಚ್ಚಿ ನೋಡಿ ಮುಚ್ಚಳ ಹಾಕಿದ.

"ಇವತ್ತು ಯಾರಿಗೂ ಕೆಲಸ ಇಲ್ಲ, ಹೋಗಿ" ಅಂದ.

ಸುಳ್ಳೇಕೆ ಹೇಳಲಿ, ನನ್ನ ಜೀವ ಬಾಯಿಗೆ ಬಂತು. ಮೂರು ದಿನ ಗೇಟು ತೆರೀಲಿಲ್ಲ. ಮೂರು ದಿನವೂ ನಾವು ಬೈಸಿಕೊಂಡೆವು, ನಿಮ್ಮ ಮಾತು ಕೇಳಿ ಕೆಟ್ಟೆವು ಅಂತ. ನಾಲ್ಕನೇ ದಿನ ಅರ್ಜಿ ಹಿಡಕೊಂಡು ಕಾರ್ಮಿಕ ಅಧಿಕಾರಿ ಬಂದು, ಹಳೇ ಚೀಟಿಗಳನ್ನೆಲ್ಲ ಕೇಳಿ ತಗೊಂಡು ಹೋದರು. ಐದನೇ ದಿನ ಗೇಟು ತೆರೀತು. ಇಪ್ಪತ್ತಾರು ಜನರಲ್ಲಿ ಹದಿನೆಂಟು ಜನರನ್ನು ತಗೊಂಡರು, ನಾನೂರ ಎಂಬತ್ತಕ್ಕೇ. ಆರುನೂರು ಮತ್ತೆ ಬರಲಿಲ್ಲ.

ನಮ್ಮನೆಯವರು ಒಳಗಿದ್ದಾರೆ. ನಾನು ಇನ್ನೂ ಹೊರಗಿದ್ದೀನಿ. ಉಳಿದ ಏಳು ಜನರ ಜೊತೆ ಸೇರಿ, ನಮ್ಮನ್ನೂ ಒಳಗೆ ತಗೊಳ್ಳಿ ಅಂತ ಇನ್ನೊಂದು ಅರ್ಜಿ ಹಾಕಿದ್ದೀನಿ, ಏನಾಗುತ್ತೋ ನೋಡಬೇಕು. ಸುಸ್ತಾಗಿದೆ, ಹೌದು. ಆದರೆ ಮನೆಯಲ್ಲಿ ಗೋಡೆಗೆ ತಿರುಗಿ ಕೂರೋದು ನಿಂತಿದೆ. ಒಬ್ಬರು ತರೋ ಕೂಲಿಯಲ್ಲಿ ಇಬ್ಬರೂ ಎದುರುಬದುರು ಕೂತು ಉಣ್ತೀವಿ.

ಇದನ್ನು ಓದ್ತಿರೋ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮ್ಮ ಕಸುಬಿಗೆ ಗೊತ್ತು ಮಾಡಿರೋ ಕನಿಷ್ಠ ಕೂಲಿ ಎಷ್ಟು ಅಂತ ಹತ್ತಿರದ ಕಾರ್ಮಿಕರ ಕಚೇರಿಯಲ್ಲಿ ವಿಚಾರಿಸಿ. ಅದಕ್ಕಿಂತ ಕಡಿಮೆಗೆ ಬರೆದುಕೊಟ್ಟಿದ್ದರೂ ಹೆದರಬೇಡಿ, ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ಜೊತೆಯವರನ್ನು ಕರಕೊಂಡು ಹೋಗಿ. ಅದಕ್ಕೂ ಮೊದಲು, ಪಕ್ಕದಲ್ಲಿ ಕೂತು ದುಡಿಯೋರನ್ನ ಎಷ್ಟು ಕೊಡ್ತಾರೆ ಅಂತ ಕೇಳಿ, ನಿಮಗೆಷ್ಟು ಅಂತ ಹೇಳಿ. ಮನೆಯಲ್ಲೂ ಕೇಳಿ. ನಾನು ಕೇಳಿರಲಿಲ್ಲ. ನನ್ನ ಗಂಡನ ಕೆಲಸ ಕಿತ್ತುಕೊಂಡವಳು ನಾನೇ.